ಹಾಡಿದವರು: ತಾಶ್ತನ್

ಓಶ್ ಬಜಾರಿನ ಕ್ಯಾಸೆಟ್ಟಣ್ಣ ಕೋಮುಜ್ ವಾದ್ಯದ ತಂತಿಯ ಒಂದೇ ಮೀಟು ಕೇಳಿ, ನುಡಿಸಿದವನ ಹೆಸರು, ಅವನ ಮುತ್ತಾತನ ಹೆಸರು, ಅವನ ಕುದುರೆಯ ಬಾಯಲ್ಲಿ ಉಳಿದಿರುವ ಹಲ್ಲಿನ ಲೆಕ್ಕ, ಮೂರನ್ನೂ ಹೇಳಬಲ್ಲವನಾಗಿದ್ದ. ಒಮ್ಮೆಯಂತೂ ತಂತಿ ಮುಟ್ಟುವ ಮೊದಲೇ ಹೇಳಿದ್ದನಂತೆ. ಹಾಗೆಂದು ಊರಿಗೆಲ್ಲ ಹೇಳಿದವನೂ ಅವನೇ.

ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಪೆನ್‌ಡ್ರೈವ್ ಬಂತು. ಅಡ್ಡಹೆಸರು ಮಾತ್ರ ಅಂಟಿಕೊಂಡೇ ಇತ್ತು. ಈಗ ಅವನ ಕೆಲಸ ಟ್ಯಾಕ್ಸಿಯವರಿಗೆ ಹಾಡು ತುಂಬಿ ಕೊಡುವುದು. ತುಂಬುವ ಮೊದಲು ಪ್ರತಿ ಹಾಡಿನ ಟ್ಯಾಗ್ ತಿದ್ದುತ್ತಿದ್ದ: ಹಾಡಿದವರು, ಹಾಡು, ವರ್ಷ. ಆ ಜಾಗ ಖಾಲಿ ಬಿಟ್ಟರೆ ಕಾರಿನ ಪರದೆಯ ಮೇಲೆ ‘ಅಪರಿಚಿತ’ ಎಂದು ಓಡುತ್ತದೆ. ಚಾಲಕರಿಗೆ ಅದು ಸೇರದು. “ಅಪರಿಚಿತರನ್ನ ಹಿಂದಿನ ಸೀಟಲ್ಲಿ ಕೂರಿಸ್ತೀವಿ ಕಣಣ್ಣಾ, ಮುಂದೆ ಅಲ್ಲ” ಎನ್ನುತ್ತಿದ್ದರು. ಅವನ ಅಂಗಡಿಯಿಂದ ಹೆಸರಿಲ್ಲದ ಒಂದು ಹಾಡೂ ಹೊರಗೆ ಹೋದದ್ದಿಲ್ಲ. ಹತ್ತು ಲಕ್ಷ ಹಾಡು! ಸರಿ, ಒಂಬತ್ತು ಎಂದಿಟ್ಟುಕೊಳ್ಳಿ.

ಆ ಮಧ್ಯಾಹ್ನ ಟ್ಯಾಕ್ಸಿಯ ಮೆಲಿಸ್ ತನ್ನ ದೊಡ್ಡಮ್ಮ ಬುರುಲ್ಚಾಳನ್ನು ಕರೆತಂದ. ಬಿಳಿ ತಲೆವಸ್ತ್ರದ ಮುದುಕಿ. ಪೆನ್‌ಡ್ರೈವನ್ನು ಮೊಟ್ಟೆಯಂತೆ ಹುಷಾರಾಗಿ ಮೇಜಿನ ಮೇಲಿಟ್ಟಳು.

“ಆರನೇ ಹಾಡು ಹಾಕು ಮಗಾ.”

ಹಾಕಿದ. ಕೋಮುಜ್ ಜೊತೆ ಗಂಡುದನಿಯೊಂದು ಎದ್ದಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಹಾಡಿದವರು: ತಾಶ್ತನ್. ವರ್ಷ: 2019.

“ಇದನ್ನ ಬರೆದಿದ್ದು ನೀನೇನಾ?”

“ಈ ಊರಲ್ಲಿ ಇನ್ಯಾರಿಗೆ ಬರುತ್ತೆ ಅಪಾ?” ಹಿರಿಯ ಹೆಂಗಸರನ್ನೆಲ್ಲ ಅವನು ಕರೆಯುತ್ತಿದ್ದುದು ಹಾಗೆ.

ಅವಳು ಹೆಸರಿನ ಕೆಳಗೆ ಬೆರಳಿಟ್ಟಳು. “ಇವ್ರನ್ನ ಬಲ್ಲೆಯಾ?”

“ಬಲ್ಲೆನಾ ಅಂದ್ರೆ? ಇವನಿಗೆ ಹಸಿವಾದ್ರೆ ನನ್ನ ಹೊಟ್ಟೆ ಗುರ್ ಅನ್ನುತ್ತೆ!”

ಮುದುಕಿಯ ಕಣ್ಣು ತುಂಬಿತು. ಮೆಲಿಸ್ ವಿವರಿಸಿದ. “ದೊಡ್ಡಪ್ಪನ ಅಣ್ಣ ಕಣಣ್ಣಾ. ಗಂಡನ ಅಣ್ಣನ ಹೆಸರು ಸೊಸೆ ಬಾಯಲ್ಲಿ ಬರಬಾರದಲ್ಲ? ತಾಶ್ ಅಂದ್ರೆ ಕಲ್ಲು, ಆ ಹೆಸರಲ್ಲಿ ಕಲ್ಲಿದೆ ಅಂತ ಇವ್ರು ದಾರೀಲಿರೋ ಕಲ್ಲಿಗೂ ‘ಗಟ್ಟೀದು’ ಅಂತಾರೆ. ದೊಡ್ಡಪ್ಪನಿಗೆ ಏನು ಕಾಯಿಲೆ ಅಂತ ಡಾಕ್ಟ್ರು ಕೇಳಿದ್ರೆ, ‘ಕಿಡ್ನೀಲಿ ನಮ್ಮ ಭಾವನ ಹೆಸರಿನೋರು ಕೂತಿದ್ದಾರೆ’ ಅಂದುಬಿಟ್ರು!”

“ನೀನು ಸುಮ್ನಿರೋ,” ಎಂದಳು ಬುರುಲ್ಚಾ. ಅವಳು ನಗಲಿಲ್ಲ. “ತೊಂಬತ್ಮೂರರಲ್ಲಿ ಮನೆ ಬಿಟ್ಟು ಹೋದೋರು ಮಗಾ. ಕಾಗದ ಇಲ್ಲ, ಸುದ್ದಿ ಇಲ್ಲ. ಇವನ ಕಾರಲ್ಲಿ ದನಿ ಕೇಳ್ದಾಗ ನನಗೆ ಅನುಮಾನಾನೇ. ಮೂವತ್ತು ವರ್ಷದ ಮೇಲೆ ಯಾರ ಗಂಟಲು ನೆನಪಿರುತ್ತೆ? ಹೆಸರು ನೋಡಿದ ಮೇಲೆ ಅನುಮಾನ ಹೋಯ್ತು. ವರ್ಷ ಓದಿ ಹೇಳಿದ್ರೆ ನಮ್ಮನೆಯೋರು ಹಾಸಿಗೆ ಮೇಲೆ ಎದ್ದು ಕೂತ್ರು. ನಾಳೆ ಬೆಳಿಗ್ಗೆ ಆಪರೇಷನ್. ‘ಅಣ್ಣ ಬದುಕಿದಾನೆ. ಅವನು ಬಂದು ಅಂಗೈ ಎತ್ತಿ ಹರಸೋವರೆಗೂ ಮೈಗೆ ಕತ್ತಿ ತಾಗಿಸಲ್ಲ’ ಅಂತ ಹಟ ಹಿಡಿದಿದ್ದಾರೆ. ಇನ್ನೆರಡು ದಿನ ತಡ ಆದ್ರೆ ಕಿಡ್ನಿ ಅಲ್ಲ, ಮನುಷ್ಯನೇ ಉಳಿಯಲ್ಲ ಅಂದಿದಾರೆ ಡಾಕ್ಟ್ರು.”

ಕ್ಯಾಸೆಟ್ಟಣ್ಣ ಅಲ್ಲೇ ನಿಲ್ಲಿಸಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಲೋಕದ ಯಂತ್ರಗಳಿಗೆಲ್ಲ ನಿಲ್ಲಿಸುವ ಗುಂಡಿ ಇದೆ, ಅವನ ನಾಲಿಗೆಗೆ ಇರಲಿಲ್ಲ.

“ಹತ್ತೊಂಬತ್ತರಲ್ಲಿ ಇದೇ ಸ್ಟೂಲಿನ ಮೇಲೆ ಕೂತಿದ್ದ ಅಪಾ. ಆರು ಸಮ್ಸಾ ತಿಂದ. ಬಿಸಿಬಿಸಿ.”

“ಆರೋಗ್ಯವಾಗಿದ್ರಾ?”

“ಮೊಣಕಾಲು ನೋವು. ಇನ್ನೇನಿಲ್ಲ.” ಮೇಜಿನ ಕೆಳಗೆ ಅವನ ಕೈ ತನ್ನ ಮೊಣಕಾಲನ್ನು ಒತ್ತುತ್ತಿತ್ತು.

“ಈಗ ಎಲ್ಲಿದಾರೆ? ಇವತ್ತೇ ಕರ್ಕೊಂಡು ಹೋಗ್ತೀನಿ.”

“ಕರೆದ ಕಡೆಗೆಲ್ಲ ಬರೋ ಮನುಷ್ಯ ಅಲ್ಲ ಅವನು…”

ಅವಳು ತಲೆದೂಗಿ ಹಾಡನ್ನೇ ಕೇಳುತ್ತಾ ಕುಳಿತಳು. ನಡುವೆ ಕೋಮುಜ್ ಒಂದೇ ನುಡಿಯಿತು, ಸರಸರನೆ, ಇಳಿಜಾರಿನ ನೀರಿನಂತೆ.

“ಎಷ್ಟು ಚೆನ್ನಾಗಿ ನುಡಿಸಿದಾರೆ! ಯಾರು ಮಗಾ ಜೊತೆಗೆ?”

“ಯಾರೂ ಇಲ್ಲ, ಅವನೇ! ಬೆರಳು ಓಡೋ ರಭಸಕ್ಕೆ ತಂತಿಯಿಂದ ಹೊಗೆ ಬಂತು. ನೀರು ಚಿಮುಕಿಸಿದ್ದು ನಾನು.”

ಮುದುಕಿಯ ತಲೆ ದೂಗುವುದು ನಿಂತಿತು.

“ಹದಿನೇಳನೇ ವಯಸ್ಸಲ್ಲಿ ನಮ್ಮ ಭಾವ ಹುಲ್ಲು ಕೊಯ್ಯೋ ಯಂತ್ರಕ್ಕೆ ಕೈ ಕೊಟ್ಟಿದ್ರು,” ಎಂದಳು ನಿಧಾನವಾಗಿ. “ಬಲಗೈಲಿ ಒಂದು ಬೆರಳೂ ಉಳೀಲಿಲ್ಲ.”

ಮೆಲಿಸ್ ಕಾರಿನ ಕೀಲಿ ಆಡಿಸುವುದನ್ನು ಬಿಟ್ಟ. ಹಾಡು ಮುಗಿಯಿತು. ಪರದೆಯ ಮೇಲೆ ಹೆಸರು ಮಾತ್ರ ಉಳಿದಿತ್ತು.

“ಆಸ್ಪತ್ರೇಲಿ ಒಬ್ರು ಬಾಗಿಲು ನೋಡ್ಕೊಂಡು ಕೂತಿದಾರೆ,” ಎಂದಳು ಬುರುಲ್ಚಾ. ದನಿ ಏರಲಿಲ್ಲ. “ಹೋಗಿ ಏನಂತ ಹೇಳ್ಲಿ? ನಾನು ಈ ಹೆಸರು ಹೇಳೋ ಹಾಗಿಲ್ಲ. ನೀನು ಹೇಳು. ಯಾರು ಇವ್ರು?”

ಊರಿನ ಕುದುರೆಗಳ ಹಲ್ಲೆಲ್ಲ ಎಣಿಸಿದ್ದವನು ತಲೆ ತಗ್ಗಿಸಿದ. ಅವನು ಅವಳ ಮುಖ ನೋಡಲಿಲ್ಲ, ಕೀಬೋರ್ಡ್ ನೋಡಿದ.

“ಯಾವುದೋ ಹಳೇ ಟೇಪಿಂದ ಇಳಿಸಿದ್ದು ಅಪಾ. ಯಾರು ಹಾಡಿದ್ದು ಅಂತ ನಂಗೂ ಗೊತ್ತಿಲ್ಲ. ಆ ವರ್ಷ ಹಾಡಿದ ವರ್ಷ ಅಲ್ಲ, ನಾನು ಇಳಿಸಿದ ವರ್ಷ. ನಿಮ್ಮ ಭಾವ ಬದುಕಿದಾರೆ ಅಂತ ಈ ಹಾಡು ಹೇಳ್ತಿಲ್ಲ. ಮನೆಯೋರಿಗೆ ಹೇಳಿ, ಆಪರೇಷನ್ ಮಾಡಿಸ್ಕೊಳ್ಳಲಿ. ಬೇಕಾದ್ರೆ ನಾನೇ ಬಂದು ಕಾಲಿಗೆ ಬೀಳ್ತೀನಿ.”

“ಹಂಗಾದ್ರೆ ಈ ಹೆಸರು?”

“ಆ ಜಾಗ ಖಾಲಿ ಇತ್ತು. ನನ್ನನ್ನ ಈ ಬಜಾರಲ್ಲಿ ಯಾರೂ ಹೆಸರು ಹಿಡಿದು ಕರೆಯಲ್ಲ, ಒಂದು ಸಲ ಕಾರಿನ ಪರದೇಲಾದ್ರೂ ಓಡ್ಲಿ ಅಂತ ಬರೆದೆ. ತಾಶ್ತನ್ ಅಂದ್ರೆ ನಾನು, ಅಪಾ.”