ಮೂಗು ತೀಡಿದ್ದು

"ಸಾಕು ಬುಡವ್ವ, ಮೂಗು ಕೆಂಪಗಾಗೋಗೈತೆ," ಎಂದು ಲಕ್ಕಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಗೋಗರೆದಳು. ಸೊಸೆ ಸ್ಪಂದನಾ ಕಿವಿಗೊಡಲಿಲ್ಲ. ಕಾಲು ನೀಡಿ ಕೂತು, ಹೆಣ್ಣುಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆಗೈಯಲ್ಲಿ ಅದರ ಮೂಗನ್ನು ಹಿಂಡಿ ಹಿಂಡಿ ಎಳೆಯುತ್ತಿದ್ದಳು. ಹಂಡೆಯ ಕಟ್ಟೆಗೆ ಒರಗಿಸಿದ ಮೊಬೈಲಿನಲ್ಲಿ ಚೂಪು ಮೂಗಿನ ರೀಲ್ಸ್ ಹುಡುಗಿಯೊಬ್ಬಳು ಮತ್ತೆ ಮತ್ತೆ ನಗುತ್ತಿದ್ದಳು.

ಎರೆಯುವಾಗ ತೀಡಿದರೆ ಮೂಗು ನೆಟ್ಟಗಾಗುತ್ತದೆ ಎಂದು ಹೇಳಿಕೊಟ್ಟವಳು ಲಕ್ಕಮ್ಮನೇ. ಆದರೆ ಅವಳು ತೀಡುತ್ತಿದ್ದದ್ದು ಬೆರಳ ತುದಿಯಲ್ಲಿ, ಹೂವು ಸವರಿದ ಹಾಗೆ.

ಅತ್ತು ಅತ್ತು ಕೂಸಿಗೆ ಉಸಿರು ಕಟ್ಟಿತು. ಲಕ್ಕಮ್ಮ ನುಗ್ಗಿ ಬಂದು ಅದನ್ನು ಕಿತ್ತುಕೊಂಡು ಎದೆಗವಚಿಕೊಂಡಳು. "ಏನಾಗೈತವ್ವ ಈ ಮೂಗಿಗೆ? ಥೇಟ್ ನಿಂದೇ ಕಣವ್ವ, ಎಷ್ಟು ಮುದ್ದಾಗೈತೆ!"

"ಅದ್ಕೇ ಅತ್ತೆ," ಎಂದು ಸ್ಪಂದನಾ ಎಣ್ಣೆಗೈ ಚಾಚಿದಳು. "ಕೊಡಿ ಇಲ್ಲಿ."