ಡಾಕ್ಟ್ರು ಓಡಿಸಿದ ಗಾಡಿ

ಹಳೇ ಬೈಕುಗಳನ್ನು ಮಾರುವ ಶಿವನಂಜುವಿನ ಅಂಗಡಿಗೆ ಮೋಡ ಕವಿದ ಮಧ್ಯಾಹ್ನ ಒಬ್ಬ ಯುವತಿ ಬಂದಳು. ಒಳಗೆ ಬಂದರೂ ಅವಳು ಹೆಲ್ಮೆಟ್ ತೆಗೆಯಲಿಲ್ಲ.

“ತಿರುವಲ್ಲಿ ಹಾವಿನ ಥರ ಬಳುಕ್ಬೇಕು. ದಿನವಿಡೀ ಓಡಿಸಿದ್ರೂ ಸೊಂಟ ನೋಯ್ಬಾರ್ದು. ಅಂಥದ್ದಿದೆಯಾ ಅಣ್ಣ?”

“ಎರಡೂ ಒಂದ್ರಲ್ಲೇ ಬೇಕು ಅಂದ್ರೆ ಇದೇ ತಾಯಿ.” ಆರು ತಿಂಗಳಿಂದ ಯಾರೂ ಕೊಳ್ಳದೆ ನಿಂತಿದ್ದ ಕೆಂಪು ಬೈಕನ್ನು ಅವನು ಪ್ರೀತಿಯಿಂದ ತಟ್ಟಿದ.

“ಹಿಂದಿನ ಸೀಟು ಹೇಗಿದೆ?”

“ಸೋಫಾ ಇದ್ದಂಗೈತೆ.”

“ಎಲ್ಲೂ ಬಿದ್ದಿಲ್ಲ ತಾನೇ?”

“ಡಾಕ್ಟ್ರು ಓಡಿಸಿದ ಗಾಡಿ. ಒಂದು ಗೀರಿಲ್ಲ!” ಅವನ ಅಂಗಡಿಯ ಗಾಡಿಗಳನ್ನೆಲ್ಲ ಯಾರೋ ಡಾಕ್ಟರೇ ಓಡಿಸಿರುತ್ತಿದ್ದರು.

“ಹಾಗಾದ್ರೆ ನೀವೂ ಕೂತ್ಕೊಳ್ಳಿ, ಬೆಟ್ಟ ಹತ್ತಿ ಇಳಿದು ನೋಡೋಣ.”

ವ್ಯಾಪಾರ ಕೈತಪ್ಪೀತೆಂದು ಅವನು ಹಿಂದೆ ಕೂತ. ಬೆಟ್ಟ ಇಳಿಯುವಾಗ ಅವಳು ವೇಗ ಏರಿಸುತ್ತಲೇ ಹೋದಳು. ಮುರಿದಿದ್ದ ಚಾಸಿಗೆ ತಾನೇ ಹಾಕಿಸಿದ್ದ ಬೆಸುಗೆ ಕಿರ್ರೆನ್ನುವುದು ಶಿವನಂಜುವಿಗೆ ಕೇಳಿಸಿತು. ಗಾಬರಿಯಿಂದ ಅವಳ ಭುಜ ಹಿಡಿದ. ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

“ನಿಧಾನ ತಾಯಿ, ಮುಂದೆ ತಿರುವೈತೆ!”

“ಡಾಕ್ಟ್ರ ಗಾಡಿ ಅಲ್ವಾ, ಭಯ ಯಾಕೆ?”

“ಯಾವ ಡಾಕ್ಟ್ರೂ ಇಲ್ಲ ಕಣವ್ವ! ಇದೇ ತಿರುವಲ್ಲಿ ಬಿದ್ದು ಎರಡು ತುಂಡಾಗಿದ್ದ ಗಾಡಿ. ಮೇಲಿದ್ದ ಗಂಡ ಹೆಂಡ್ತಿ ಇಬ್ರೂ ಹೋಗ್ಬಿಟ್ರು! ನಿಲ್ಸು, ನಿನ್ ದಮ್ಮಯ್ಯ!”

ಬೈಕು ನಿಲ್ಲಲಿಲ್ಲ. ಅವಳು ಮೊದಲ ಸಲ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಅವನತ್ತ ತಿರುಗಿದಳು.

“ಗೊತ್ತು ಅಣ್ಣ. ಅವತ್ತು ಈಗ ನೀವು ಕೂತಿರೋ ಜಾಗದಲ್ಲಿ ನಾನು ಕೂತಿದ್ದೆ.”