ಇಪ್ಪತ್ನಾಲ್ಕನೆಯ ಏರು

ಏರಿನ ನಟ್ಟನಡುವೆ ಗಾಡಿ ನಿಂತೇಬಿಟ್ಟಿತು. ಕೆಮ್ಮಲಿಲ್ಲ, ನರಳಲಿಲ್ಲ, ತೆವಳಲೂ ಇಲ್ಲ. ಓಡುತ್ತ ಓಡುತ್ತಲೇ ಯಾರೋ ದೀಪ ಆರಿಸಿದ ಹಾಗೆ ತಟಕ್ಕನೆ ನಿಂತಿತು. ಗಾಡಿ ಓಡಿಸುವ ತಾತ ಬ್ರೇಕನ್ನು ಅದುಮಿ ಹಿಡಿದು, ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಂದಿನ ಸೀಟಿನಲ್ಲಿ ಬೇರೆ ಯಾರಾದರೂ ಕೂತಿದ್ದರೆ ಏನೋ ಒಂದು ತಮಾಷೆಯ ಮಾತಾಡಿ ಸುಧಾರಿಸಿಬಿಡುತ್ತಿದ್ದ. ಕೂತಿದ್ದವರು ಆಸ್ಪತ್ರೆಯ ಮೇಲ್ವಿಚಾರಕಿ.

"ಮುಗೀತಾ, ತಾತ?" ಎಂದರು ಅವರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ತಾತನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಎಲ್ಲೋ ಗಾಲ್ಫ್ ಆಡುವವರು ಸಾಕೆಂದು ಬಿಟ್ಟ ಗಾಡಿ ಅದು. ಹನ್ನೊಂದು ವರ್ಷದಿಂದ ತಾತ ಅದರಲ್ಲಿ ನಡೆಯಲಾಗದವರನ್ನು ಗೇಟಿನಿಂದ ದಿಬ್ಬದ ಮೇಲಿನ ವಾರ್ಡಿಗೆ ಹತ್ತಿಸುತ್ತಿದ್ದ. ಹಳೆಯ ಆಸಿಡ್ ಬ್ಯಾಟರಿಗಳು ಪೂರ್ತಿ ಸತ್ತಾಗ ಗಾಡಿಯನ್ನು ಗುಜರಿಗೂ ತಾತನನ್ನು ಮನೆಗೂ ಕಳಿಸಿ, ಬಾಡಿಗೆಯ ವ್ಯಾನ್ ತರಿಸುವುದೆಂದು ತೀರ್ಮಾನವಾಗಿತ್ತು. "ನಮ್ಮ ಸೊಸೆ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡೋಳು ಮೇಡಂ, ಇದಕ್ಕೂ ಹೊಸದು ಕಟ್ಟಿಕೊಡ್ತಾಳೆ. ಒಂದೇ ಒಂದು ದಿನ ಓಡಿಸಿ ನೋಡಿ" ಎಂದು ತಾತ ಗೋಗರೆದು ಒಪ್ಪಿಸಿದ್ದ. ಆ ಒಂದು ದಿನ ಇವತ್ತು. ಸಂಜೆ ನಾಲ್ಕರವರೆಗೂ ಎಲ್ಲ ಸುಸೂತ್ರವಾಗಿತ್ತು.

ಕೆಳಗಿನ ಶೆಡ್ಡಿನಿಂದ ಸೊಸೆ ಮೀಟರು ಹಿಡಿದು ಓಡೋಡಿ ಬಂದಳು. ಬಂದವಳೇ ಸೀಟು ಎತ್ತಿದಳು. ಹಿಂದೆ ಆರು ಬ್ಯಾಟರಿಗಳು ಇಡುಕಿರಿದು ಕೂತಿದ್ದ ಜಾಗದಲ್ಲಿ ಈಗ ಒಂದೇ ಒಂದು ಉಕ್ಕಿನ ಪೆಟ್ಟಿಗೆ. ಒಳಗೆ ಹದಿನಾರು ಲಿಥಿಯಂ ಸೆಲ್‌ಗಳು, ನಡುವೆ ತಾಮ್ರದ ಪಟ್ಟಿಗಳು. ಒಂದು ಸೆಲ್ ಸೊರಗಿದರೂ ಉಳಿದ ಹದಿನೈದು ಅದರ ಮಟ್ಟಕ್ಕೇ ಇಳಿಯಬೇಕು. ಅದಕ್ಕೇ ಒಂದೊಂದನ್ನೂ ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸಿ, ಎಲ್ಲ ಸರಿಸಮ ಎಂದು ಖಾತ್ರಿಯಾದ ಮೇಲೇ ಜೋಡಿಸಿದ್ದಳು. ಆ ಮೂರು ವಾರ ಊಟದ ಮೇಜೆಲ್ಲ ಸೆಲ್‌ಗಳದ್ದೇ. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಿದ್ದರು.

"ಮಾವ, ಬೆಳಿಗ್ಗೆಯಿಂದ ಎಷ್ಟು ಸಲ ಹತ್ತಿದ್ರಿ?"

ತಾತ ತಲೆ ಕೆರೆದುಕೊಂಡ. "ಇದು ಇಪ್ಪತ್ನಾಲ್ಕನೇದು."

"ಇಪ್ಪತ್ನಾಲ್ಕಾ! ದಿನಕ್ಕೆ ಹತ್ತು ಅಂದಿದ್ರಲ್ಲ?"

"ಹತ್ತೇ ಕಣಮ್ಮ. ಆದ್ರೆ ಇದು ನಿಧಾನಾನೇ ಆಗ್ಲಿಲ್ಲ. ಅದಕ್ಕೆ ಬಟ್ಟೆ ಒಗೆಯೋರ ಮೂಟೆ ಹತ್ತಿಸ್ದೆ. ಅಡುಗೆಯವರು ಮಂಡಿ ನೋವು ಅಂದ್ರು, ಅವರನ್ನೂ ಹತ್ತಿಸ್ದೆ. ಆಮೇಲೆ ಆ ಕಾವಲುಗಾರ, ಸುಮ್ನೆ ಒಂದು ಸುತ್ತು ತಾತ ಅಂದ..."

"ನನ್ನ ಆಸ್ಪತ್ರೇಲಿ ದಿಬ್ಬಣ ಹೊರಡಿಸಿದ್ರಿ ಅನ್ನಿ" ಎಂದರು ಮೇಲ್ವಿಚಾರಕಿ.

ತಾತ ತಲೆ ತಗ್ಗಿಸಿದ. ಹಳೆಯ ಬ್ಯಾಟರಿ ಬಳಲಿದರೆ ಅವನಿಗೆ ಅಂಗಾಲಿನಲ್ಲೇ ತಿಳಿಯುತ್ತಿತ್ತು. ಗಾಡಿ ಏರಿನಲ್ಲಿ ತಿಣುಕುವುದು, ದೀಪ ಮಂಕಾಗುವುದು. ಅಷ್ಟು ಕಂಡರೆ ಸಾಕು, ತಿರುಗಿಸಿ ಶೆಡ್ಡಿಗೆ ಒಯ್ಯುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಯನ್ನೂ ನಡುದಾರಿಯಲ್ಲಿ ಬಿಟ್ಟವನಲ್ಲ.

"ಮಾವಂದು ತಪ್ಪಿಲ್ಲ ಮೇಡಂ" ಎಂದಳು ಸೊಸೆ. "ಲಿಥಿಯಂ ಸುಸ್ತು ತೋರಿಸಲ್ಲ. ಕೊನೇ ತನಕ ಒಂದೇ ಸಮ ಓಡತ್ತೆ. ಆಮೇಲೆ ಸೆಲ್ ಹಾಳಾಗ್ಬಾರ್ದು ಅಂತ ಒಳಗಿರೋ ಬೋರ್ಡು ತಾನೇ ಕರೆಂಟ್ ಕಡಿಯತ್ತೆ. ಗಾಡೀಲಿರೋ ಆ ಹಳೇ ಮುಳ್ಳಿನ ಮೀಟರು ಇದಕ್ಕೆ ಆಗಿಬರಲ್ಲ. ನಾನು ಬೇರೆ ಹಾಕ್ಬೇಕಿತ್ತು. ಮಾವಂಗೆ ಹೇಗೂ ಗೊತ್ತಾಗತ್ತೆ ಅಂತ ಬಿಟ್ಟೆ."

"ಅವಳದ್ದೇನಿಲ್ಲ ಮೇಡಂ, ನಂದೇ ಹುಚ್ಚು."

"ಮಾವ, ನೀವು ಸುಮ್ನಿರಿ."

"ನೀನು ಸುಮ್ನಿರಮ್ಮ."

"ಇಬ್ಬರೂ ಸುಮ್ನಿರಿ. ನಾನೀಗ ನಡ್ಕೊಂಡು ಹೋಗ್ಬೇಕಾ, ಬೇಡ್ವಾ? ಅಷ್ಟು ಹೇಳಿ."

"ಬೇಡ, ಮೇಡಂ." ಸೊಸೆ ಆಗಲೇ ಒಂದೊಂದೇ ಸೆಲ್ಲಿಗೆ ಮೀಟರು ಹಿಡಿದು ನೋಡುತ್ತಿದ್ದಳು. ಹದಿನಾರಕ್ಕೆ ಹದಿನಾರೂ ಒಂದೇ ಅಂಕಿ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅವಳ ಮುಖ ಅರಳಿತು. "ಮೊದಲನೇ ಸಲ ಅಂತ ಭಯಕ್ಕೆ ಬೇಗ ಕಡಿಯೋ ಹಾಗೆ ಇಟ್ಟಿದ್ದೆ. ತಳದಲ್ಲಿ ಒಂದಿಷ್ಟು ಉಳಿದಿದೆ." ಫೋನಿನಿಂದಲೇ ಆ ಬೋರ್ಡಿನ ಎರಡು ಅಂಕಿ ಬದಲಿಸಿ, ಸೀಟು ಇಳಿಸಿ, "ಹೊರಡಿ ಮಾವ" ಎಂದಳು.

ಗಾಡಿ ಹೊರಟಿತು. ಏನೂ ಆಗೇ ಇಲ್ಲವೆಂಬಂತೆ, ಬೆಳಿಗ್ಗೆಯ ಅದೇ ಬಿರುಸಿನಲ್ಲಿ ಏರು ಹತ್ತಿ ವಾರ್ಡಿನ ಮುಂದೆ ನಿಂತಿತು. ಮೇಲ್ವಿಚಾರಕಿ ಇಳಿದರು.

"ಹಳೇ ಬ್ಯಾಟರೀಲಿ ಎಷ್ಟು ಸಲ ಹತ್ತುತ್ತಿತ್ತು, ತಾತ?"

"ಹೊಸದ್ರಲ್ಲಿ ಹನ್ನೆರಡು, ಮೇಡಂ. ಕೊನೆಕೊನೆಗೆ ಮೂರು."

ಅವರು ಒಂದು ಗಳಿಗೆ ಗಾಡಿಯನ್ನೇ ನೋಡಿದರು. "ಮುಗಿಯೋ ಮೊದಲೇ ಕೂಗೋ ಅಂಥದ್ದೇನಾದ್ರೂ ಹಾಕಮ್ಮ. ವ್ಯಾನಿನವರಿಗೆ ಬೇಡ ಅಂತ ಹೇಳ್ತೀನಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಮೂಟೆ ಹತ್ತಲಿ, ಅಡುಗೆಯವರೂ ಹತ್ತಲಿ. ಆ ಕಾವಲುಗಾರ ಮಾತ್ರ ಬೇಡ."

ಇಳಿಜಾರಿನಲ್ಲಿ ಸೊಸೆ ತಾತನ ಪಕ್ಕ ಕೂತು ಒಂದೇ ಸಮನೆ ಮಾತಾಡಿದಳು. ನಾಳೆಯೇ ಗಂಟೆ ಕೂರಿಸಬೇಕು, ಐದರಲ್ಲಿ ಒಂದು ಪಾಲು ಉಳಿದಾಗಲೇ ಅದು ಕೂಗಬೇಕು, ಪೆಟ್ಟಿಗೆಗೆ ರಬ್ಬರಿನ ಅಂಚು ಹಾಕಬೇಕು, ಇವತ್ತು ಹೋದ ಕೂಡಲೇ ಎರಡು ಸ್ಕೂಟರಿನ ಬ್ಯಾಟರಿ ಬಿಚ್ಚಬೇಕು. ದನಿಯಲ್ಲಿ ದಣಿವಿನ ಸುಳಿವೂ ಇರಲಿಲ್ಲ. ಈ ಮೂರು ವಾರದಲ್ಲಿ ಒಂದು ದಿನವೂ ಇರಲಿಲ್ಲ. ತಾತ ಅವಳ ಮುಖ ನೋಡಿದ, ಮತ್ತೊಮ್ಮೆ ನೋಡಿದ, ಗಾಡಿಯನ್ನು ಮರದ ನೆರಳಿಗೆ ತಂದು ಬ್ರೇಕ್ ಒತ್ತಿದ.

"ಅಯ್ಯೋ, ಮತ್ತೆ ನಿಂತ್ಹೋಯ್ತಾ ಮಾವ?"

"ಇಲ್ಲ ಕಣಮ್ಮ, ನಾನೇ ನಿಲ್ಲಿಸ್ದೆ. ನೀನು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಸೊಸೆ ನಗುತ್ತ ಏನೋ ಹೇಳಹೋದಳು. ಅದನ್ನು ಬಿಟ್ಟು ಬೆರಳು ಮಡಿಚಿ ಎಣಿಸತೊಡಗಿದಳು. ಒಂದು ಕೈ ಮುಗಿದು, ಎಣಿಕೆ ಇನ್ನೊಂದು ಕೈಗೆ ದಾಟಿತು.